ಮುಚ್ಚಿದರೂ ಮಲಗದ ಲ್ಯಾಪ್‌ಟಾಪು

ನನ್ನ ಪಾಠ ತೆರೆದುಕೊಳ್ಳಲು ನಲವತ್ತು ಸೆಕೆಂಡು ಬೇಕಿತ್ತು. ನನ್ನ ಜೊತೆಯವಳ ಬಸ್ಸು ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದ ಕೂಡಲೇ ಹೊರಡುತ್ತಿತ್ತು.

ನಾವಿಬ್ಬರೂ ದೊಡ್ಡಬಳ್ಳಾಪುರದ ಒಂದು ಸಣ್ಣ ಸಂಸ್ಥೆಯಲ್ಲಿದ್ದೆವು. ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುವ ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳಿಗೆ ಗಣಿತದ ಪಾಠಗಳನ್ನು ತಯಾರಿಸುವುದು ನಮ್ಮ ಕೆಲಸ. ನಾನು ಇಂಜಿನಿಯರಿಂಗ್ ಓದಿದವಳು. ಅವಳು ದೊಡ್ಡಬೆಳವಂಗಲದ ಕಡೆಯವಳು, ಡಿ.ಎಡ್. ಮಾಡಿ, ಪ್ರೋಗ್ರಾಮಿಂಗನ್ನು ಫೋನಿನಲ್ಲಿ ವಿಡಿಯೋ ನೋಡಿ ಕಲಿತವಳು. ನಾನು ಭಿನ್ನರಾಶಿಗೆಂದು ಮೂರು ತಿಂಗಳು ಕೂತು ಚಿತ್ರ ಬರೆದೆ. ಅವಳು ಕೂಡಿ ಕಳೆಯಲೆಂದು ಒಂದು ಬಸ್ಸಿನ ಆಟ ಮಾಡಿದಳು. ಪ್ರತಿ ಸ್ಟಾಪಿನಲ್ಲಿ ಇಷ್ಟು ಜನ ಹತ್ತುತ್ತಾರೆ, ಇಷ್ಟು ಜನ ಇಳಿಯುತ್ತಾರೆ. ಒಳಗೆ ಎಷ್ಟು ಜನ ಉಳಿದರು ಎಂದು ಕಂಡಕ್ಟರಾದ ಮಗು ಹೇಳಬೇಕು. ತಪ್ಪಿದರೆ ಅವಳದೇ ದನಿ ಕೇಳುತ್ತಿತ್ತು: "ಯಾರೋ ಟಿಕೆಟ್ ತಗೊಂಡಿಲ್ಲ ನೋಡು ಗುರು."

ಪಕ್ಕದ ತಾಲ್ಲೂಕಿನ ವಿಜಯಪುರದ ಹತ್ತಿರದ ಶಾಲೆಯೊಂದರಲ್ಲಿ ಮೊದಲು ಹಾಕಿ ನೋಡಿದೆವು. ಮಕ್ಕಳು ಆ ಮಾತನ್ನು ಊಟದ ಸಾಲಿನಲ್ಲೂ ಹೇಳಿಕೊಂಡು ನಗುತ್ತಿದ್ದರು. ನನ್ನ ಪಾಠ ತೆರೆದ ಹುಡುಗಿ ಕಾದು ಕಾದು, "ಮಿಸ್, ಇದು ಕೆಟ್ಟೋಗೈತೆ, ಬಸ್ ಹಾಕ್ಕೊಡಿ" ಎಂದಳು.

ನನ್ನ ಜೊತೆಯವಳು ಹಾಕಿಕೊಟ್ಟು ನನ್ನ ಕಡೆ ತಿರುಗಿದಳು. "ಬೇಜಾರ್ ಮಾಡ್ಕೋಬೇಡ ಕಣೇ. ನಿನ್ ಚಿತ್ರ ಚೆನ್ನಾಗವೆ."

ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪು ತಾನಾಗಿ ಮಲಗುತ್ತದೆ. ಎಬ್ಬಿಸಿದಾಗ ನನ್ನ ಪಾಠ ಮತ್ತೆ ಮೊದಲಿನಿಂದ ಶುರುವಾಗಬೇಕಿತ್ತು. ಯಾರಿಗೂ ಹೇಳದೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ನನ್ನ ಪಾಠ ತೆರೆದಿದ್ದರೆ, ಮುಚ್ಚಿದ ಮೇಲೂ ಯಂತ್ರ ಎಚ್ಚರವಾಗಿಯೇ ಇರಬೇಕು. ಆಮೇಲೆ ನನ್ನ ಚಿತ್ರಗಳೂ ಮುಚ್ಚಳ ಎತ್ತಿದ ಕೂಡಲೇ ಬರತೊಡಗಿದವು. ಒಂದು ವಾರ ಖುಷಿಯಾಗಿದ್ದೆ.

ಆ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವ ಹಳೆಯ ಸ್ಟ್ಯಾಂಡನ್ನು ಅವರೇ ಶಾಲೆಗೆ ಕೊಟ್ಟಿದ್ದರು. ಊಟಕ್ಕೆ ಬಿಟ್ಟಾಗ ಮಕ್ಕಳು ಲ್ಯಾಪ್‌ಟಾಪುಗಳನ್ನು ಮುಚ್ಚಿ, ಆ ತಟ್ಟೆಗಳಲ್ಲಿ ಒತ್ತೊತ್ತಾಗಿ ಇಟ್ಟು ಚಾರ್ಜಿಗೆ ಹಾಕುತ್ತಿದ್ದರು. ಹುಳಗಳನ್ನು ಜೋಪಾನ ಮಾಡಿ ಅಭ್ಯಾಸವಾದ ಅಕ್ಕ, ಧೂಳು ಕೂರಬಾರದೆಂದು ಮೇಲೆ ದಪ್ಪ ಬಟ್ಟೆ ಹೊದಿಸುತ್ತಿದ್ದರು. ಮಲಗಿದ ಯಂತ್ರಗಳು ಅಷ್ಟು ಬಿಸಿಯಾಗದ್ದರಿಂದ ಅವಕ್ಕೆ ಏನೂ ಆಗಿರಲಿಲ್ಲ. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೆ.

ಆ ದಿನ ಬೆಳಗ್ಗೆ ನನ್ನ ಪಾಠ ನಡೆದಿತ್ತು. ಊಟದ ಹೊತ್ತಿನಲ್ಲಿ ನಾವಿಬ್ಬರೂ ತರಗತಿಯ ಬಾಗಿಲಲ್ಲಿ ನಿಂತಿದ್ದೆವು. ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಟ್ಟೆಯ ಒಂದು ಕಡೆ ಕಂದಾಯಿತು, ಕಪ್ಪಾಯಿತು, ತೂತಾಯಿತು. ಬಸ್ ಆಡುವ ಆಸೆಗೆ ಬೇಗ ಉಂಡು ಬಂದ ಪುಟ್ಟ ಮಗುವೊಂದು ಅದೇ ಬಟ್ಟೆಯನ್ನು ಎತ್ತಲು ಕೈ ಚಾಚಿತ್ತು.

ಆ ಕೈಗೂ ಆ ತೂತಿಗೂ ನಡುವೆ ಒಂದು ಗೇಣು. ಅನ್ನ ಬಸಿಯುವಾಗ, ಬಟ್ಟೆ ಒಣಹಾಕುವಾಗ, ಈಗಲೂ ಆ ಗೇಣು ಕಣ್ಣೆದುರು ಬರುತ್ತದೆ. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಓಡಿದಳು. ಮಗುವನ್ನು ಹಿಂದಕ್ಕೆ ತಳ್ಳಿ, ಸ್ವಿಚ್ ಆರಿಸಿ, ಉಬ್ಬಿದ ಲ್ಯಾಪ್‌ಟಾಪನ್ನು ಬಟ್ಟೆಯ ಸಮೇತ ಎಳೆದು ಅಂಗಳಕ್ಕೆ ಎಸೆದಳು. ಅದು ಅಲ್ಲಿ ಭುಗ್ಗೆಂದು ಉರಿಯಿತು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆಗ ನನಗೆ ಅನ್ನಿಸಿದ್ದನ್ನು ಬರೆದುಬಿಡುತ್ತೇನೆ: ಇಲ್ಲೂ ಇವಳೇ ಮುಂದೆ.

ಗಲಾಟೆಯಲ್ಲಿ ಪಕ್ಕದ ಲ್ಯಾಪ್‌ಟಾಪೊಂದರ ಮುಚ್ಚಳ ಎತ್ತಿ ನೋಡಿದೆ. ಕೈಗೆ ಬಿಸಿ ತಾಗಿತು. ತಕ್ಷಣ ನನ್ನ ಚಿತ್ರಗಳು ಬಂದವು. ಮುಚ್ಚಿಬಿಟ್ಟೆ.

ಹೆಡ್ಮಿಸ್ ಓಡಿ ಬಂದರು. "ಎಲ್ಲಾ ಆ ಬಸ್ಸಿಂದ. ಮೂರ್ಹೊತ್ತೂ ಅದನ್ನೇ ಆಡ್ತವೆ, ಬಿಸಿಯಾಗ್ದೆ ಇನ್ನೇನಾಗ್ತದೆ? ಅದನ್ನ ತೆಗ್ದಾಕಿ. ಭಿನ್ನರಾಶಿ ಒಂದಿದ್ರೆ ಸಾಕು."

ಅವಳು ಕೈಯನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿಕೊಂಡು ಕೂತಿದ್ದಳು. ನಾನು ಆ ಸಾಲಿನ ಮಾತೆತ್ತದೆ ಉಳಿದ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ಆರಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು. "ಹೋಗ್ಲಿ ಬಿಡು. ಸೋಮವಾರದಿಂದ ಎಲ್ಲಾದ್ರಲ್ಲೂ ನಿಂದೇ ಪಾಠ."

ಎಲ್ಲಾದರಲ್ಲೂ. ತಟ್ಟೆ ತಟ್ಟೆಯಲ್ಲಿ, ಬಟ್ಟೆಯ ಕೆಳಗೆ, ಮುಚ್ಚಿಕೊಂಡು ಎಚ್ಚರವಾಗಿರುವ ಲ್ಯಾಪ್‌ಟಾಪುಗಳು. ನನಗೆ ಬೇಕಾಗಿದ್ದದ್ದು ಅದೇ.

"ಬಸ್ಸಿಂದಲ್ಲ ಕಣೇ, ನನ್ನಿಂದ ಆಗಿದ್ದು" ಎಂದು ಸೇರಿಸಿದ ಸಾಲಿನ ವಿಷಯ ಹೇಳಿದೆ.

ಅವಳು ಪೂರ್ತಿ ನನ್ನ ಕಡೆ ತಿರುಗಿದಳು. "ಯಾಕೆ?"

"ನಿಂದಷ್ಟೇ ಬೇಗ ಬರ್ಲಿ ಅಂತ."

"ನಂಗೊಂದ್ ಮಾತು ಕೇಳಿದ್ರೆ ಚಿತ್ರ ಚಿಕ್ಕದ್ ಮಾಡಿ ಬೇಗ ಬರೋ ಹಂಗೆ ಮಾಡೋದು ಹೇಳ್ಕೊಡ್ತಿದ್ನಲ್ಲೇ." ಆಮೇಲೆ ದನಿ ಗಟ್ಟಿಯಾಯಿತು. "ಹೆಡ್ಮಿಸ್‌ಗೆ ಫೋನ್ ಮಾಡು. ಈಗ್ಲೇ, ನನ್ನೆದುರ್ಗೇ."

ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸೋಮವಾರ ಅವರೊಬ್ರನ್ನೇ ಕಳ್ಸಿ" ಎಂದು ಫೋನ್ ಇಟ್ಟುಬಿಟ್ಟರು.

ಸೋಮವಾರ ಅವಳು ಬ್ಯಾಂಡೇಜಿನ ಕೈಯಲ್ಲೇ ಹೋದಳು, ಪ್ರತಿ ಲ್ಯಾಪ್‌ಟಾಪಿನಿಂದಲೂ ನನ್ನ ಪಾಠವನ್ನು ತೆಗೆದುಹಾಕಲು. ನಾನು ಆಫೀಸಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ಚಿಕ್ಕದು ಮಾಡುತ್ತಾ ಕೂತಿದ್ದೆ. ಹತ್ತು ಗಂಟೆಯಾಗಿತ್ತು. ಅಲ್ಲಿ ಪ್ರಾರ್ಥನೆ ಮುಗಿದಿರುತ್ತದೆ, ಮಕ್ಕಳು ಅವಳ ಕೈ ನೋಡಲು ಮುತ್ತಿಕೊಂಡಿರುತ್ತಾರೆ ಎಂದು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ.