ಮಾವನಿಗೆ ಆರು ನಿಮಿಷ

ನೇರ ಪ್ರಸಾರದಲ್ಲಿ ಮಾತು ಆರಂಭಿಸುವುದು ಯಾರಿಗೂ ಕಷ್ಟವಲ್ಲ, ಮುಗಿಸುವುದೇ ಕಷ್ಟ. ಮುಗಿಸದವರು ಮುಗಿಸುವಂತೆ ಮಾಡುವುದಂತೂ ಒಂದು ಪ್ರತ್ಯೇಕ ಕಸುಬು. ಆ ಕಸುಬಿನಲ್ಲಿ ಟಿ.ವಿ. ವಾಹಿನಿಯೊಂದರ ಆ ನಿರ್ಮಾಪಕಿಯನ್ನು ಮೀರಿಸಿದವರಿರಲಿಲ್ಲ. ಆದ್ದರಿಂದಲೇ ದೀಪ ಕಟ್ಟುವವರಿಂದ ಹಿಡಿದು ಬಾಗಿಲು ಕಾಯುವವರವರೆಗೆ ವಾಹಿನಿಯ ಎಲ್ಲರೂ ಅವಳನ್ನು ‘ಕತ್ತರಿ ಅಕ್ಕ’ ಎಂದು ಕರೆಯುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ನಿಂತು ಅವಳು ಎರಡು ಬೆರಳುಗಳನ್ನು ಕತ್ತರಿಯಂತೆ ಆಡಿಸಿದರೆ ಎಂಥ ಭಾಷಣಕಾರನ ಗಂಟಲೂ ಒಣಗುತ್ತಿತ್ತು.

ಮನೆಯಲ್ಲಿ ಮಾತ್ರ ಅವಳು ಪುಟ್ಟಿ. ನಲವತ್ತೈದು ತುಂಬಿದ ಮೇಲೂ ಹಾಗೆ ಕರೆಯುವ ಹಕ್ಕನ್ನು ಉಳಿಸಿಕೊಂಡಿದ್ದವರು ಅವಳ ಸೋದರಮಾವ, ಹೆಸರಾಂತ ಹಾಸ್ಯನಟರು. ಅವಳನ್ನು ಈ ವೃತ್ತಿಗೆ ತಂದವರೂ ಅವರೇ.

ಆ ಕಾಲಕ್ಕೆ ಮಾವ ಹಾಸ್ಯನಟರಾಗಿರಲಿಲ್ಲ. ತಮ್ಮದೇ ತಂಡದಲ್ಲಿ ರಾಜನ ಪಾತ್ರ ಮಾಡುತ್ತಿದ್ದ ಬಲು ಗಂಭೀರ ನಟರು. ಯುದ್ಧದಲ್ಲಿ ಗಾಯಗೊಂಡು ಅವರು ಎಷ್ಟು ಸಾವಕಾಶವಾಗಿ ಸಾಯುತ್ತಿದ್ದರೆಂದರೆ, ಅವರ ಪ್ರಾಣ ಹೋಗುವುದರೊಳಗೆ ಪ್ರೇಕ್ಷಕರ ಕೊನೆಯ ಬಸ್ಸು ಹೋಗಿರುತ್ತಿತ್ತು. ೧೯೮೭ರ ಮಾರ್ಚ್ ೧೪, ಶನಿವಾರ, ಪರದೆಯ ಹಗ್ಗ ಹಿಡಿಯುವವನಿಗೆ ಜ್ವರ ಬಂದದ್ದರಿಂದ ಹದಿನೇಳರ ಪುಟ್ಟಿಯನ್ನು ಆ ಜಾಗದಲ್ಲಿ ನಿಲ್ಲಿಸಿದರು. (ಕೆಲವರು ಇದನ್ನು ಹಿಂದಿನ ವರ್ಷದ ಘಟನೆಯೆನ್ನುತ್ತಾರೆ. ಅದು ತಪ್ಪು, ಹಿಂದಿನ ವರ್ಷವಿಡೀ ಆ ನಾಟಕ ನಡೆದ ರಂಗಮಂದಿರ ಛಾವಣಿಯ ದುರಸ್ತಿಗಾಗಿ ಮುಚ್ಚಿತ್ತು.) ರಾಜ ನೆಲಕ್ಕೊರಗಿದ. ಸತ್ತನೆಂದೇ ತಿಳಿದು ಪುಟ್ಟಿ ಹಗ್ಗ ಸಡಿಲಿಸಿದಳು. ಪರದೆ ದಡಾರನೆ ಬಿತ್ತು. ಮಾವನಿಗಾದರೋ ಇನ್ನೂ ಮೂರು ದೀರ್ಘ ಮಾತುಗಳು ಬಾಕಿಯಿದ್ದವು. ಅವರು ಪರದೆಯ ಅಂಚನ್ನೆತ್ತಿ, ಕಿರೀಟ ಸಮೇತ ತಲೆಯನ್ನು ಹೊರಗೆ ತೂರಿಸಿ, “ನಾನಿನ್ನೂ ಸತ್ತಿಲ್ಲ!” ಎಂದು ಗುಡುಗಿದರು.

ಜನ ಬಿದ್ದು ಬಿದ್ದು ನಕ್ಕರು. ಮರುವಾರದಿಂದ ಮಾವ ಅದನ್ನೇ ನಾಟಕದೊಳಕ್ಕೆ ಸೇರಿಸಿಕೊಂಡರು. ವರ್ಷ ಕಳೆಯುವುದರೊಳಗೆ ಗಂಭೀರ ರಾಜ ಮಾಯವಾಗಿ ಹಾಸ್ಯನಟ ಹುಟ್ಟಿದ್ದ. ಆದರೆ ಆ ಹೊಳಹು ಸಂಪೂರ್ಣವಾಗಿ ತಮ್ಮದೇ ಎಂದು ಅವರು ಕೇಳಿದವರಿಗೆಲ್ಲ ಹೇಳುತ್ತ ಬಂದರು. ಪುಟ್ಟಿ ಒಮ್ಮೆಯೂ ತುಟಿ ಬಿಚ್ಚಲಿಲ್ಲ. ತಂಡದ ವೇಷಭೂಷಣ ನೋಡಿಕೊಂಡಳು, ಸಂಗೀತ ಸಂಜೆಗಳ ವೇದಿಕೆ ನಿಭಾಯಿಸಿದಳು. ೧೯೯೬ರ ಜುಲೈ ೧ರಂದು ವಾಹಿನಿಯಲ್ಲಿ ಸಹಾಯಕಿಯಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ನಿರ್ಮಾಪಕಿಯಾದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಕ್ಯಾಮೆರಾದ ಮುಂದೆ ಬಂದವಳಲ್ಲ. ತೆರೆಯ ಹಿಂದಿನ ಕತ್ತಲೆಯೇ ಅವಳಿಗೆ ತವರು.

೨೦೧೫ರ ನವೆಂಬರ್ ೨೨, ಭಾನುವಾರ ಸಂಜೆ ವಾಹಿನಿಯ ವಿಶೇಷ ಸಮಾರಂಭ. ಕೊನೆಯಲ್ಲಿ ಜೀವಮಾನದ ಸಾಧನೆಯ ಗೌರವ, ಅದೂ ಮಾವನಿಗೆ. ಆಯ್ಕೆ ಮಾಡಿದವರು ಹೊರಗಿನ ಹಿರಿಯರು. ಅವಳ ಕೈವಾಡವೇನೂ ಇರಲಿಲ್ಲ. ವಾಹಿನಿಯ ಮುಖ್ಯಸ್ಥರು ವಾರದ ಮೊದಲೇ ಅವಳನ್ನು ಕರೆದು ಹೇಳಿದ್ದು ಇಷ್ಟೆ: “ಎಂಟು ಗಂಟೆಗೆ ಸರಿಯಾಗಿ ವಾರ್ತೆ ಶುರುವಾಗ್ಬೇಕು. ಮುಂಚೆ ಮುಗಿದು ತೆರೆ ಖಾಲಿ ಬಿಟ್ರೂ ಕಷ್ಟ, ಮೇಲೆ ಎಳೆದ್ರೂ ಕಷ್ಟ. ಸರಿಹೋಯ್ತು ಅಂದ್ರೆ ಮುಖ್ಯ ನಿರ್ಮಾಪಕಿ ಕುರ್ಚಿ ನಿಮ್ದು. ಇಲ್ಲಾಂದ್ರೆ ಮಾರನೇ ದಿನದಿಂದ ಬೆಳಗಿನ ಅಡುಗೆ ಕಾರ್ಯಕ್ರಮ ನೋಡ್ಕೊಳ್ಳಿ.”

ಅವಳು ಅಂದೇ ಮಾವನ ಮನೆಗೆ ಹೋಗಿ, “ಮಾವ, ನಿಮಗೆ ಒಂದೂವರೆ ನಿಮಿಷ,” ಎಂದಳು.

“ಒಂದೂವರೆ ನಿಮಿಷನಾ? ಅಷ್ಟರಲ್ಲಿ ನಾನು ಕೆಮ್ಮಿ ಮುಗಿಸೋದೂ ಇಲ್ಲ.”

“ಕೆಮ್ಮು ಮನೇಲೇ ಮುಗಿಸಿ ಬನ್ನಿ.”

“ಆಯ್ತಮ್ಮ ಕತ್ತರಿ,” ಎಂದರು ಮಾವ. ಅವರು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಅವಳಿಗೆ ಎಲ್ಲಿಯೋ ಚುಚ್ಚಿತು.

ಅವಳ ಲೆಕ್ಕಾಚಾರವೇ ಬೇರೆಯಿತ್ತು. ಒಂದೂವರೆ ಎಂದರೆ ಮಾವ ಆರು ನಿಮಿಷ ಮಾತನಾಡುತ್ತಾರೆಂಬುದು ಹುಟ್ಟಿದಂದಿನಿಂದ ಅವರನ್ನು ಬಲ್ಲ ಅವಳಿಗೆ ಗೊತ್ತಿತ್ತು. ಆದ್ದರಿಂದ ಗುಟ್ಟಾಗಿ ಆರು ನಿಮಿಷವನ್ನೇ ಎತ್ತಿಟ್ಟಳು. ತಾಲೀಮಿನಲ್ಲಿ ಮಾವನ ಬದಲಿಗೆ ವಾಹಿನಿಯ ಕಾರು ಚಾಲಕನನ್ನು ನಿಲ್ಲಿಸಿದಾಗ ಅವನು ತನಗೇ ಗೌರವ ಸಂದಂತೆ ಕಣ್ಣೀರು ಸುರಿಸಿ ಆರು ನಿಮಿಷ ಮಾತನಾಡಿದ, ಎಲ್ಲವೂ ಕೂಡಿಬಂತು. ಮಾವನ ಹಳೆಯ ದಿನಗಳ ನೆನಪಿಗೆಂದು ಹಗ್ಗದಿಂದಲೇ ಏರಿಳಿಸುವ ಕೆಂಪು ಪರದೆಯೊಂದನ್ನು ವೇದಿಕೆಯ ಮೇಲೆ ಕಟ್ಟಿಸಿದಳು.

ಆ ಸಂಜೆ ಎಲ್ಲವೂ ಹೂವೆತ್ತಿದಂತೆ ಸಾಗಿತು. ಎಂಟಕ್ಕೆ ಆರು ನಿಮಿಷವಿದೆ ಎನ್ನುವಾಗ ಕೆಂಪು ಪರದೆ ಮೇಲೇರಿತು, ಮಾವ ಮುಂದೆ ಬಂದು ಫಲಕ ಸ್ವೀಕರಿಸಿದರು, “ನಮಸ್ಕಾರ. ಎಲ್ಲರಿಗೂ ಧನ್ಯವಾದ,” ಎಂದರು, ತಿರುಗಿ ಒಳಗೆ ನಡೆದೇಬಿಟ್ಟರು.

ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಗಡಿಯಾರದತ್ತ ತಿರುಗಿದರು. ವಾದ್ಯದವರು ಗಂಟುಮೂಟೆ ಕಟ್ಟಿ ಹೊರಟಾಗಿತ್ತು. ವಾರ್ತೆ ಓದುವಾಕೆ ಬೇರೆ ಕಟ್ಟಡದಲ್ಲಿ ಇನ್ನೂ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು. ವೇದಿಕೆಯ ಮೇಲೆ ನಿರೂಪಕ “ಅದ್ಭುತ!” ಎಂದ, ಸ್ವಲ್ಪ ತಡೆದು ಮತ್ತೊಮ್ಮೆ “ಅದ್ಭುತ!” ಎಂದ, ಅವನ ಬಂಡವಾಳ ಅಲ್ಲಿಗೆ ಮುಗಿಯಿತು.

ಕತ್ತರಿ ಅಕ್ಕ ಓಡಿದಳು. ವೇದಿಕೆಯ ಪಕ್ಕದ ಮರೆಯಲ್ಲಿ ಮಾವ ಸ್ಟೂಲಿನ ಮೇಲೆ ಕುಳಿತು ಬೂಟಿನ ದಾರ ಬಿಚ್ಚುತ್ತಿದ್ದರು.

“ಮಾವ! ಏನಿದು?”

“ಒಂದೂವರೆ ನಿಮಿಷ ಅಂದೆ. ನಾನು ಅಷ್ಟೂ ತಗೊಳ್ಲಿಲ್ಲ. ಮಿಕ್ಕಿದ್ದು ನೀನೇ ಇಟ್ಕೋ.”

“ನಿಮಗೇಂತ ಆರು ನಿಮಿಷ ಇಟ್ಟಿದ್ದೆ!”

“ಹಾಗಂತ ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಆರು ಅಂದಿದ್ರೆ ನೀವು ಅರ್ಧ ಗಂಟೆ ಮೈಕ್ ಬಿಡ್ತಿರ್ಲಿಲ್ಲ!”

ಮಾವ ಬೂಟಿನ ದಾರ ಕೈಬಿಟ್ಟರು. “ಅದೂ ನಿಜವೇ ಅನ್ನು,” ಎಂದು ನಕ್ಕರು. “ಬರ್ತೀನಿ. ಆದ್ರೆ ನೀನೂ ಬರ್ಬೇಕು.”

“ಕ್ಯಾಮೆರಾ ಮುಂದೆನಾ? ಕೈಕಾಲು ನಡುಗ್ತವೆ ಮಾವ.”

“ನಡುಗ್ಲಿ ಬಿಡು. ನನಗೆ ಐವತ್ತು ವರ್ಷದಿಂದ ನಡುಗ್ತಾನೇ ಇವೆ. ಯಾರಿಗೆ ಗೊತ್ತಾಗಿದೆ? ನಡಿ, ಪುಟ್ಟಿ.”

ಒಂದು ಬೂಟಿನ ದಾರ ನೆಲದ ಮೇಲೆ ಎಳೆದಾಡುತ್ತಿದ್ದಂತೆಯೇ ಅವರು ಸೋದರಸೊಸೆಯ ಕೈಹಿಡಿದು ಬೆಳಕಿಗೆ ಬಂದರು. “ಮಹಾಜನರೇ, ಒಂದು ಮಾತು ಮರೆತಿದ್ದೆ,” ಎಂದರು. “ಮರೆತಿದ್ದೆ ಅನ್ನೋದೂ ಸುಳ್ಳು, ಮುಚ್ಚಿಟ್ಟಿದ್ದೆ. ‘ನಾನಿನ್ನೂ ಸತ್ತಿಲ್ಲ’ ಅನ್ನೋ ಮಾತಿನಿಂದ ನನ್ನ ಸಂಸಾರ ನಡೀತು, ಇವತ್ತಿನ ಗೌರವಾನೂ ಬಂತು. ನನ್ನ ತಲೆಯಿಂದ ಬಂದ ಮಾತು ಅಂತ ಇಷ್ಟು ದಿನ ಮೆರೆದೆ. ಅಲ್ಲ. ಈ ನನ್ನ ಅಕ್ಕನ ಮಗಳು, ನಾನು ಬದುಕಿರುವಾಗಲೇ ನನ್ನ ಮೇಲೆ ಪರದೆ ಬೀಳಿಸಿದ್ದಕ್ಕೆ ಬಂದದ್ದು.”

ಸಭೆ ಘೊಳ್ಳೆಂದು ನಕ್ಕಿತು. ಪುಟ್ಟಿಯ ಕಣ್ಣು ತುಂಬಿತು. ಕೈಕಾಲು ನಡುಗುವುದನ್ನು ಅವಳು ಮರೆತೇಬಿಟ್ಟಿದ್ದಳು. ಮಾವ ಅಂದಿನ ರಾತ್ರಿಯ ಕಥೆಯನ್ನು ಕಿರೀಟ, ಜ್ವರ, ಹಗ್ಗ ಯಾವುದನ್ನೂ ಬಿಡದೆ ಹೇಳುತ್ತ ಹೋದರು. ಅಷ್ಟರಲ್ಲಿ ಅವಳು ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ನಿಯಂತ್ರಣ ಕೊಠಡಿಯ ಸಹಾಯಕ ನರಳಿದ: “ಅಕ್ಕಾ, ಇನ್ನು ಅರ್ಧ ನಿಮಿಷ.” ಮಾವ ಆಗಷ್ಟೇ ತಮ್ಮ ಬಾಲ್ಯಕ್ಕೆ ಕಾಲಿಟ್ಟಿದ್ದರು. ಅವಳು ಬೆರಳುಗಳನ್ನು ಆಡಿಸಿದಳು.

“ನೋಡಿ, ಕತ್ತರಿ ಬಂತು!” ಎಂದು ಸಭಿಕರಿಗೆ ತೋರಿಸಿ, ಮಾವ ಬಾಲ್ಯವನ್ನು ಮುಂದುವರಿಸಿದರು.

ಅವಳು ಮರುಮಾತಿಲ್ಲದೆ ಪಕ್ಕಕ್ಕೆ ನಡೆದು, ಹಗ್ಗದ ಗಂಟು ಬಿಚ್ಚಿ ಕೈಬಿಟ್ಟಳು. ಕೆಂಪು ಪರದೆ ಮಾವನ ಮುಂದೆ ದಡಾರನೆ ಬಿತ್ತು. ಪರದೆಯಲ್ಲೊಂದು ಉಬ್ಬು ಕಾಣಿಸಿತು, ಉಬ್ಬು ಕೆಳಗಿಳಿಯಿತು, ಅಂಚು ಮೇಲೆದ್ದಿತು, ಎಪ್ಪತ್ತೆಂಟರ ನರೆತ ತಲೆ ಹೊರಗಿಣುಕಿ ಗುಡುಗಿತು: “ನಾನಿನ್ನೂ ಸತ್ತಿಲ್ಲ!”

ಆ ನಗೆಯ ನಡುವೆಯೇ ಗಂಟೆ ಎಂಟಾಯಿತು, ವಾರ್ತೆ ಮೂಡಿಬಂತು.

ಮುಖ್ಯಸ್ಥರು ಬಂದು ಕೈಕುಲುಕಿದರು. “ನೀವು ಮನೆಗೆ ಬೆಂಕಿ ಬಿದ್ದವರ ಥರ ಓಡಿದ್ದು ನೋಡಿ ನಾನು ನಿಜಕ್ಕೂ ಎಡವಟ್ಟಾಯ್ತು ಅಂದ್ಕೊಂಡೆ. ಎಷ್ಟು ದಿನದ ತಾಲೀಮು ಇದು?”

“೧೯೮೭ರಿಂದ, ಸರ್,” ಎಂದಳು ಅವಳು. ಮರುದಿನ, ಸೋಮವಾರ, ಮುಖ್ಯ ನಿರ್ಮಾಪಕಿಯ ಕುರ್ಚಿ ಅವಳದಾಯಿತು.

ಆದರೆ ಅದು ಮರುದಿನದ ಮಾತು. ಆ ರಾತ್ರಿ ಮಾವನನ್ನು ಮನೆಗೆ ಬಿಡಲು ಅವಳೂ ಕಾರು ಹತ್ತಿದಳು. ಮಾವ ಬಾಲ್ಯವನ್ನು ನಿಲ್ಲಿಸಿದ್ದಲ್ಲಿಂದಲೇ ಎತ್ತಿಕೊಂಡರು. ಮೊದಲ ತಿರುವಿನಲ್ಲಿ ಚಾಲಕ ಕನ್ನಡಿಯಲ್ಲಿ ಅವಳನ್ನು ನೋಡಿ, ಒಂದು ಕೈಯ ಎರಡು ಬೆರಳುಗಳನ್ನು ಕತ್ತರಿಯಂತೆ ಆಡಿಸಿದ.

“ಸುಮ್ನಿರಪ್ಪ,” ಎಂದಳು ಅವಳು. “ಸುತ್ತು ದಾರೀಲಿ ಹೋಗು.”