ಶಾಂತಳ ಕಹಿ ಬಳ್ಳಿ

ಬೆಳಗ್ಗೆ ಹಿತ್ತಲಿನ ಸವತೆಕಾಯಿ ಹೆಚ್ಚುತ್ತ ತೊಟ್ಟಿನ ಕಡೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡೆ. ಕಹಿ ಅಂದರೆ ಕಹಿ! ಪೇಟೆಯ ಕಾಯಿಗೆ ಈಗ ರುಚಿಯೇ ಇರುವುದಿಲ್ಲ, ಇನ್ನು ಕಹಿ ಎಲ್ಲಿಂದ ಬರಬೇಕು, ನೀವೇ ಹೇಳಿ. ನನಗೆ ಶಾಂತಾ ನೆನಪಾದಳು.

ಸ್ವಾತಂತ್ರ್ಯ ಬಂದ ಮರುವರ್ಷ ಗಡಿಯಾಚೆ ಹೈದರಾಬಾದ್ ಸೀಮೆಯಲ್ಲಿ ಗಲಾಟೆ ಎದ್ದಾಗ ಶಾಂತಾ ತಾಯಿಯೊಡನೆ ಗಡಿ ದಾಟಿ ಮುಂಡರಗಿಯ ನಮ್ಮ ಮನೆಯಲ್ಲಿ ಬಂದು ಉಳಿದಳು. ನನ್ನದೇ ವಯಸ್ಸು. ಆ ಅವಸರದಲ್ಲಿ ಅವಳ ತಾಯಿ ಸೆರಗಿಗೆ ಕಟ್ಟಿಕೊಂಡು ತಂದದ್ದು ಒಂದು ಹಿಡಿ ಸವತೆ ಬೀಜ. ಪಾತ್ರೆ ಪಗಡೆ ಬಿಟ್ಟು ಬೀಜ ತರುತ್ತಾರೆಯೇ ಎಂದು ನಾನು ನಕ್ಕಿದ್ದೆ. ನನ್ನ ಬುದ್ಧಿ ಅಷ್ಟೇ.

ನಮ್ಮ ಸೋದರತ್ತೆಗೆ ಒಂದು ಪದ್ಧತಿಯಿತ್ತು. ಪ್ರತಿ ಬಳ್ಳಿಯ ಮೊದಲ ಕಾಯಿ ಕಚ್ಚಿ ನೋಡುವಳು, ಕಹಿಯಿದ್ದರೆ ಥೂ ಎಂದು ಬಳ್ಳಿಯನ್ನೇ ಕೀಳುವಳು. ಹೀಗೆ ಸಿಹಿಯದೇ ಬೀಜ ಇಟ್ಟು ಇಟ್ಟು, ಆ ವರ್ಷ ಹುಳ ಬಿದ್ದಾಗ ನಮ್ಮ ಬಳ್ಳಿಗಳೆಲ್ಲ ಬರೀ ದಂಟಾಗಿ ನಿಂತವು. ಉಳಿದದ್ದು ತಾಯಿ ತಂದ ಬೀಜದಿಂದ ಶಾಂತಾ ಬೆಳೆಸಿದ್ದರಲ್ಲಿ ಒಂದೇ ಬಳ್ಳಿ. ಅತ್ತೆ ಅದರ ಕಾಯನ್ನೂ ಕಚ್ಚಿ ಉಗುಳಿ, ಬುಡಕ್ಕೆ ಕೈ ಹಾಕಿದಳು.

"ಕೀಳಬ್ಯಾಡ್ರಿ ಅತ್ತಿ," ಶಾಂತಾ ಅಡ್ಡ ನಿಂತಳು. "ನಮ್ಮ ಊರಿಂದು ಇದೊಂದೇ ಉಳದೈತ್ರಿ."

"ಕಹಿ ಬೀಜ ಇಟ್ಟರ ಮುಂದ ಎಲ್ಲಾ ಕಹೀನ ಆಗತಾವ, ಹುಚ್ಚಿ."

"ಆಗಲಿರಿ. ಇದ್ದರ ಸಾಕು."

ಅತ್ತೆ ಕೈ ತೆಗೆದಳು. ಅವಳು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗಲಾಟೆ ಅಡಗಿದ ಮೇಲೆ ಶಾಂತಾ ಆ ಬೀಜ ಕಟ್ಟಿಕೊಂಡು ಊರಿಗೆ ಹೋದಳು. "ಸುಗ್ಗಿಗೆ ಬರತೀನಿ" ಅಂದಿದ್ದಳು, ಬರಲಿಲ್ಲ. ರಾಜ್ಯ ಒಂದಾದ ವರ್ಷ ಅಪ್ಪನನ್ನು ಕಾಡಿಬೇಡಿ ಅವಳ ಊರಿಗೆ ಹೋದೆ. ಮನೆಗೆ ಬೀಗವಿತ್ತು. ಎಲ್ಲಿಗೆ ಹೋದರೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದನ್ನೆಲ್ಲ ಇವತ್ತು ಮೊಮ್ಮಗಳಿಗೆ ಹೇಳಿದೆ. ಗದಗಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಕೇಳಬೇಕೆ, ಪಾಠವೇ ಶುರುವಾಯಿತು. "ಗಿಡ ಬೇಕಂತ ಕಹಿ ಆಗೂದಿಲ್ಲ ಅಜ್ಜಿ. ಸಾವಿರ ಬೀಜದಾಗ ಒಂದು ತಾನಾಗೇ ಬ್ಯಾರೆ ಹುಟ್ಟತೈತಿ. ಹುಳ ಅದನ್ನ ಬಿಡತೈತಿ, ಅದರ ಸಂತಾನ ಬೆಳೀತೈತಿ. ಮುಂದ ಹುಳಾನೂ ಆ ಕಹಿಗೆ ಒಗ್ಗತೈತಿ. ಆಮ್ಯಾಲ ಮತ್ತ ಯಾವುದೋ ಗಿಡದಾಗ ಹೊಸಾ ವಿಷ." ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಆ ಬೀಜ ಎಲ್ಲೋ ಹಬ್ಬಿರತೈತಿ ಬಿಡು."

ಈಳಿಗೆಯ ಮುಂದೆ ಕುಳಿತೇ, ಈ ವಯಸ್ಸಿನಲ್ಲಿ, ಅತ್ತುಬಿಟ್ಟೆ.

"ಬೀಜ ಹಬ್ಬಲಿ ಬಿಡಲಿ, ನನಗೇನವಾ," ಅಂದೆ. "ಅಕಿ ಖಬರ ಬೇಕಾಗಿತ್ತು."