ಮೂವತ್ತೆರಡು ಬಿಟ್ಟಿನ ಆನೆ

ಬೆಳಿಗ್ಗೆ ರೊಟ್ಟಿ ಬಡಿಯುವಾಗ ನನಗೆ ಲೋಕದ ಯಾವ ಸಮಸ್ಯೆಯೂ ದೊಡ್ಡದೆನಿಸುವುದಿಲ್ಲ. ಅಂದೂ ಪಕ್ಕದ ಮನೆಯ ಗೌರವ್ವನ ಕೈಮಗ್ಗ ನನ್ನ ಬಡಿತಕ್ಕೆ ತಾಳ ಹಾಕುತ್ತಿತ್ತು. ಅತ್ತೆಯವರು ಪಡಸಾಲೆಯಲ್ಲಿ ಕುಳಿತು, ಮಂಜಾದ ಕಣ್ಣುಗಳಿಂದ ನಾನಿರುವ ದಿಕ್ಕನ್ನು ಅಂದಾಜು ಮಾಡಿ ಚಹಾ ಕೇಳುತ್ತಿದ್ದರು. ರೊಟ್ಟಿ ಬುಟ್ಟಿ ಸೇರಿದ ಮೇಲೆ ಅವರಿಗೆ ಚಹಾ ಕೊಟ್ಟು, ಕೈ ಒರೆಸಿಕೊಂಡು ಹೊಸ ಕಂಪ್ಯೂಟರಿನ ಮುಂದೆ ಕುಳಿತೆ.

ಗೌರವ್ವನ ಮಗಳ ಮದುವೆ ಸೀರೆಗೆ ಅತ್ತೆಯವರ ಅಂಬಾರಿ ಆನೆಯ ಕಸೂತಿ ಬೇಕಿತ್ತು. ಕಣ್ಣು ಮಂಜಾಗುವ ಮೊದಲು ಅವರು ಹೊಲಿಗೆ ಹೊಲಿಗೆಯಾಗಿ ಹೇಳುತ್ತ ಹೋದದ್ದನ್ನು ನಾನು ಹಳೆಯ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬಿ ಉಳಿಸಿದ್ದೆ. ಬಟ್ಟೆಯ ಮೇಲಿದ್ದ ಆನೆ ಎಂದೋ ಸವೆದು ಹೋಗಿತ್ತು. ಉಳಿದದ್ದು ಈ ಫೈಲೊಂದೇ.

ಅದು ತೆರೆಯಲಿಲ್ಲ.

ಚಿತ್ರ ಬಿಡಿಸುವ ಪ್ರೋಗ್ರಾಮೇನೋ ಬಂತು. ಅದರೊಳಗೆ ಕೂತು ಕಸೂತಿ ಫೈಲನ್ನು ಓದಿಕೊಡಬೇಕಾದ ಪುಟ್ಟ ಪ್ಲಗ್-ಇನ್ ಮಾತ್ರ ಹೊಸಿಲು ದಾಟಲೊಲ್ಲದು. ಬಾಗಲಕೋಟೆಯ ಅಂಗಡಿಯವರಿಗೆ ಫೋನು ಮಾಡಿದೆ. ಹಳೆಯ ಪ್ಲಗ್-ಇನ್ ಮೂವತ್ತೆರಡು ಬಿಟ್ಟಿನದು, ಹೊಸ ಯಂತ್ರ ಅರವತ್ನಾಲ್ಕರದು, ಕೂಡುವುದಿಲ್ಲ ಎಂದರು. "ಹಳೇದು ಬಿಟ್ಟಬಿಡ್ರಿ ಮೇಡಂ, ಹೊಸಾ ಆನಿ ತಗೀರಿ." ತೆಗೆಯಲು ಅತ್ತೆಯವರ ಕಣ್ಣನ್ನು ಎಲ್ಲಿಂದ ತರಲಿ? ಬಿಡುವುದಿಲ್ಲ ಎಂದುಕೊಂಡೆ.

ಕೂಡುವುದಿಲ್ಲ ಎಂಬ ಮಾತನ್ನು ಇಳಕಲ್ಲಿನಲ್ಲಿ ಆಡಬಾರದು. ನಮ್ಮ ಸೀರೆಯ ಒಡಲಿಗೆ ಹಾಸಿದ ಉದ್ದದ ಎಳೆಗಳು ಬೇರೆ, ಸೆರಗಿನವು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಎರಡೂ ಕಡೆ ಎಳೆಗಳ ಲೆಕ್ಕ ಹೊಂದಬೇಕು, ಅಷ್ಟೇ. ಹಾಗಾದರೆ ನನ್ನ ಕೊಂಡಿ ಎಲ್ಲಿ ತಪ್ಪಿತು? ಯಂತ್ರ ಅರವತ್ನಾಲ್ಕರದು, ಒಪ್ಪಿದೆ. ಚಿತ್ರದ ಪ್ರೋಗ್ರಾಮು ಯಾವುದರದು? ಮುಖ ನೋಡಿದರೆ ತಿಳಿಯುವಂತಿಲ್ಲ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಕರವಸ್ತ್ರಗಳ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಮಗುಚಿ ಹಾಕಿ, ಹಿಂದಿನ ಗಂಟುಗಳನ್ನು ನೋಡಿ ಅಂಕ ಕೊಡುತ್ತಿದ್ದರು. ನಾನೂ ಮಗುಚಿದೆ, ಎಂದರೆ, ಟಾಸ್ಕ್ ಮ್ಯಾನೇಜರ್ ತೆರೆದೆ. ಓಡುತ್ತಿರುವ ಪ್ರೋಗ್ರಾಮುಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು. ಕೆಲವುಗಳ ಹೆಸರಿನ ಪಕ್ಕ ಒಂದು ನಕ್ಷತ್ರ, ಅದಕ್ಕಂಟಿ ಮೂವತ್ತೆರಡು. ಚಿತ್ರದ ಪ್ರೋಗ್ರಾಮಿನ ಪಕ್ಕ ಏನೂ ಇಲ್ಲ. ಹಾಗಾದರೆ ಅದು ಅರವತ್ನಾಲ್ಕರದು.

ಹಾಕಿದವಳು ನಾನೇ. ಪ್ರೋಗ್ರಾಮಿನ ಸಿಡಿಯಲ್ಲಿ ಮೂವತ್ತೆರಡರದೂ ಅರವತ್ನಾಲ್ಕರದೂ ಎರಡೂ ಇದ್ದವು. ಸಂತೆಯಲ್ಲಿ ದೊಡ್ಡ ಗಡ್ಡೆಗೇ ಕೈ ಹಾಕುವವಳಂತೆ ದೊಡ್ಡ ಸಂಖ್ಯೆಯನ್ನು ಆರಿಸಿದ್ದೆ. ಆದರೆ ನಕ್ಷತ್ರ ಹೊತ್ತವೂ ಇದೇ ಯಂತ್ರದಲ್ಲಿ ಸುಖವಾಗಿ ಓಡುತ್ತಿದ್ದವಲ್ಲ. ಮಗ್ಗ ಯಾವುದಾದರೇನು, ಒಡಲೂ ಸೆರಗೂ, ಎಂದರೆ ಪ್ರೋಗ್ರಾಮೂ ಪ್ಲಗ್-ಇನ್ನೂ, ಹೊಂದಿದರಾಯಿತು. ದೊಡ್ಡದನ್ನು ಕಿತ್ತು ಸಣ್ಣದನ್ನು ಹಾಕಿದೆ, ಮತ್ತೆ ಮಗುಚಿ ನೋಡಿದೆ. ನಕ್ಷತ್ರ ಬಂದಿತ್ತು. ಫೈಲು ಒತ್ತಿದೆ. ಸೊಂಡಿಲೆತ್ತಿಕೊಂಡು ಆನೆಯೇ ಬಂತು.

"ಅಂಬಾರಿಗೆ ಗೊಂಡೆ ಅದಾವೇನವಾ?" ಎಂದರು ಅತ್ತೆಯವರು, ಪಡಸಾಲೆಯಿಂದಲೇ. ಇವೆ ಎಂದೆ. ಅವರು ತಣ್ಣಗಾದ ಚಹಾವನ್ನು ಪೂರ್ತಿ ಕುಡಿದರು.

ಸಂಜೆ ಪ್ರಿಂಟು ಒಯ್ಯಲು ಗೌರವ್ವ ಬಂದಳು. ಹೊಸ ಯಂತ್ರದೊಳಗೆ ಹಳೆಯದನ್ನು ಕೂಡಿಸಿದ ನನ್ನ ಪರಾಕ್ರಮವನ್ನೆಲ್ಲ ಬಣ್ಣಿಸಿದೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಾಗದವನ್ನು ಸುರುಳಿ ಸುತ್ತುತ್ತ, ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದಳು:

"ನಮ್ಮ ಹುಡುಗೀನೂ ಹಂಗ ಅದಾಳ ಬಿಡ್ರಿ ಅಕ್ಕಾರ. ಹೊಸಾ ಸೀರಿ ಮ್ಯಾಲ ನಿಮ್ಮನಿ ಅಜ್ಜಿ ಆನೀನ ಬೇಕಂತಾಳ."